‘ಇಲ್ಲೇ’ ಎಂದು ಬೆಟ್ಟಕ್ಕೆ ಹೊರಡುವ ಮಾವ

ಅತ್ತೆ,

ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ನಮ್ಮ ಬೆರ್ರಿಯೆಸಾದ ಮನೆಯಿಂದ ನಿಮ್ಮ ಸೊಸೆ ಶೈಲಾ ಬರೆಯುತ್ತಿದ್ದೇನೆ. ‘ನಾವೆಲ್ಲ ಕ್ಷೇಮ’ ಎಂದು ಶುರುಮಾಡಬೇಕು, ಗೊತ್ತು. ಇವತ್ತು ಆ ಮಾತು ಬರೆಯಲು ಕೈ ಬರುತ್ತಿಲ್ಲ. ಬೆಳಿಗ್ಗೆಯಿಂದ ಪೂರ್ವದ ಗಾಳಿ ಎದ್ದಿದೆ. ಬೆಟ್ಟದ ಕಡೆಯಿಂದ ಇಳಿದುಬಂದು ತುಟಿ ಒಡೆಸುವ, ಒಣಹಾಕಿದ ಪಂಚೆಯನ್ನು ಗಳಿಗೆಯಲ್ಲಿ ಹಪ್ಪಳ ಮಾಡಿಬಿಡುವ ಆ ಗಾಳಿ. ಕಾಡ್ಗಿಚ್ಚು ಏಳುವ ಅಪಾಯವಿದೆ ಎಂದು ಫೋನಿಗೆ ರೆಡ್ ಫ್ಲ್ಯಾಗ್ ವಾರ್ನಿಂಗು ಬಂದಿದೆ. ತಂತಿ ತಾಗಿ ಹುಲ್ಲಿಗೆ ಕಿಡಿ ಬಿದ್ದೀತು ಎಂದು ಕರೆಂಟನ್ನೂ ತೆಗೆದಿದ್ದಾರೆ. ಮಾವ ಹಾಲಿನ ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ಬೆಟ್ಟ ನೋಡುತ್ತಿದ್ದಾರೆ. ಕಾಲಿಗೆ ಶೂ ಹಾಕಿಕೊಂಡೇ ಕೂತಿದ್ದಾರೆ. ನಾನು ಅವರಿಗೂ ಬಾಗಿಲಿಗೂ ನಡುವೆ ಡೈನಿಂಗ್ ಟೇಬಲ್ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ನನಗಿರುವ ಹೆದರಿಕೆ ಒಂದೇ. ಇವರು ಒಂದು ದಿನ ಬೆಟ್ಟ ಹತ್ತಿದವರು ಕೆಳಗೆ ಇಳಿಯುವುದಿಲ್ಲ.

ಇಂಗ್ಲೆಂಡಿನಿಂದ ನೀವಿಬ್ಬರೂ ನಮ್ಮ ಮನೆಗೆ ಬಂದ ದಿನ ಏರ್‌ಪೋರ್ಟಿನಿಂದಲೇ ನಿಮ್ಮ ಬೆಟ್ಟದ ಪುರಾಣ ಶುರುವಾಗಿತ್ತು, ನೆನಪಿದೆಯೇ? ನಿಮ್ಮ ಮಗಳು ಸುಧಾಳ ಊರಿನಲ್ಲಿ ಒಂದು ಬೇಸಿಗೆಯಿಡೀ ನಡೆದು ಬಂದಿದ್ದಿರಿ. “ಅದುನ್ನ ಬೆಟ್ಟ ಅನ್ನಕ್ಕೇ ನಗು ಬರ್ತದೆ ಕಣೇ ಶೈಲಾ, ನಮ್ ಕಡೆ ದಿಣ್ಣೆ ಅಂತೀವಿ ಅದುನ್ನ” ಅಂದಿದ್ದಿರಿ. ಆದರೂ ಹೇಳುವಾಗ ಮುಖ ಅರಳಿತ್ತು. ಯಾರದೋ ಹೊಲದ ನಡುವೆಯೇ ದಾರಿಯಂತೆ, ಯಾರೂ ಏಕೆ ಬಂದಿರಿ ಎನ್ನುವುದಿಲ್ಲವಂತೆ. ಹಾದುಹೋದ ಗೇಟನ್ನು ಮುಚ್ಚಿಕೊಂಡು ಹೋದರೆ ಸಾಕಂತೆ. ಕುರಿಗಳು ಎದ್ದೇಳುವುದೂ ಇಲ್ಲವಂತೆ. ತುದಿಯಲ್ಲಿ ಒಂದು ಮರದ ಬೆಂಚು, ಅದರ ಮೇಲೆ ಯಾರೋ ತೀರಿಕೊಂಡವರ ಹೆಸರು. ಕೆಳಗೆ ಚರ್ಚಿನ ಗೋಪುರ, ಹಸಿರು ಕೌದಿಗೆ ಹೊಲಿಗೆ ಹಾಕಿದ ಹಾಗೆ ಬೇಲಿಗಳು. ಮೊದಲ ದಿನ ಸತ್ತವರ ಹೆಸರಿನ ಮೇಲೆ ಕೂರುವುದು ಹೇಗೆಂದು ನಿಂತೇ ಟೀ ಕುಡಿದಿರಂತೆ. ಆಮೇಲೆ ನೀವೇ ಆ ಹೆಸರಿನ ಅಜ್ಜಿಗೆ ಒಂದು ಬಿಸ್ಕತ್ತು ಇಟ್ಟು ಕೂರತೊಡಗಿದಿರಂತೆ. ಅಲ್ಲಿನ ಬೆಟ್ಟ ಯಾರಿಗೂ ಕೇಡು ಬಯಸುವುದಿಲ್ಲ ಎಂದು ನೀವು ಎಷ್ಟು ಸಲ ಹೇಳಿದ್ದೀರಿ!

ಇಲ್ಲಿಯ ಬೆಟ್ಟಕ್ಕೆ ನಿಮ್ಮನ್ನು ಮೊದಲು ಕರೆದುಕೊಂಡು ಹೋದಾಗ ಆಗಸ್ಟ್ ತಿಂಗಳು. ಹುಲ್ಲೆಲ್ಲ ಒಣಗಿ ಹಳದಿ ತಿರುಗಿತ್ತು. ಕಾರಿನಿಂದಿಳಿದು ಸುತ್ತ ನೋಡಿ, “ಇದ್ಯಾಕ್ ಹಿಂಗೆ ಕಾಯಿಲೆ ಬಿದ್ದೋರ ಥರ ಐತೆ?” ಎಂದಿರಿ. ಗೇಟಿನ ಹತ್ತಿರ, ಚಿರತೆಯಂಥ ಇಲ್ಲಿಯ ಬೆಟ್ಟದ ಸಿಂಹ ಓಡಾಡುತ್ತದೆ ಎನ್ನುವ ಎಚ್ಚರಿಕೆಯ ಬೋರ್ಡಿತ್ತು. ನಿಮ್ಮ ಮೊಮ್ಮಗಳು ಅದಿತಿ ತನ್ನ ಹರಕುಮುರುಕು ಕನ್ನಡದಲ್ಲಿ ನಿಮಗೆ ಅರ್ಥ ಹೇಳಿದಳು: ಅದು ಎದುರಾದರೆ ಓಡಬಾರದು, ಕೈ ಎತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಬೇಕು, ಜೋರಾಗಿ ಕೂಗಬೇಕು. “ನಿಮ್ ತಾತನ್ನ ಮುಂದೆ ಬಿಟ್ಟಿದೀನಲ್ಲ, ಮೊದ್ಲು ಅವ್ರನ್ನ ವಿಚಾರ್ಸ್ಕೊಳ್ಲಿ” ಎಂದು ನೀವು ಸೆರಗು ಸಿಕ್ಕಿಸಿದಿರಿ. ಮಾವ ಯಾವಾಗಲೂ ಮುಂದೆ, ನೀವು ಹಿಂದೆ. ಅವರು ತಿರುಗಿ ನೋಡುವವರಲ್ಲ, ನೀವು ನಿಲ್ಲಿ ಎನ್ನುವವರಲ್ಲ. ಮೇಲಿನ ವ್ಯೂ ಪಾಯಿಂಟಿನಲ್ಲಿ ಅವರು ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿಯುವ ಹೊತ್ತಿಗೆ ನೀವು ಏದುಸಿರು ಬಿಡುತ್ತಾ ಬಂದು ಸೇರುವುದು. ಕೆಳಗೆ ನಮ್ಮ ಬೀದಿ, ರೈಲು ಸ್ಟೇಷನ್ನು, ಇಳಿಯುತ್ತಿರುವ ವಿಮಾನಗಳು, ಆಚೆ ತುದಿಯಲ್ಲಿ ಕೊಲ್ಲಿಯ ನೀರು. ಆಮೇಲಾಮೇಲೆ ನಿಮಗೆ ಈ ಬೆಟ್ಟವೂ ಒಗ್ಗಿತು. ನನಗೆ ಮಾತ್ರ ಇವತ್ತಿಗೂ ಒಗ್ಗಿಲ್ಲ.

ಒಂದು ಭಾನುವಾರ ಮಾವ ಶೂ ಕಟ್ಟಿ ಹೊಸಿಲು ದಾಟುವಾಗ ಅದಿತಿ ಸೋಫಾದಿಂದಲೇ “ತಾತಾ, ವೇರ್ ಆರ್ ಯು ಗೋಯಿಂಗ್?” ಎಂದು ಕೇಳಿಬಿಟ್ಟಳು. ಅಬ್ಬಾ, ನೀವು ಅಡುಗೆಮನೆಯಿಂದ ಓಡಿಬಂದದ್ದೇನು, ಮಾವನನ್ನು ಒಳಗೆ ಕರೆದು ಕೂರಿಸಿ ಒಂದು ಲೋಟ ನೀರು ಕುಡಿಸಿ ಮತ್ತೆ ಹೊರಡಿಸಿದ್ದೇನು! ಹೊರಟವರನ್ನು ಹಿಂದಿನಿಂದ ಕರೆಯಬಾರದು, ಎಲ್ಲಿಗೆ ಎಂದು ಕೇಳಲೇಬಾರದು. “ಎಲ್ಲಿಗೆ ಅಂದ್ರೆ ಹೋದ್ ಕೆಲ್ಸ ಆಗಲ್ಲ ಕಂದ. ದೂರಾನಾ ಅನ್ಬೇಕು” ಎಂದು ಅವಳಿಗೆ ಪಾಠ ಮಾಡಿದಿರಿ. ಅವಳು ಕಣ್ಣು ತಿರುಗಿಸಿದಳು, ನಾನು ಒಳಗೊಳಗೇ ನಕ್ಕೆ. ಆದರೂ ಅಂದಿನಿಂದ ಮನೆಯಲ್ಲಿ ಅದೇ ರೂಢಿಯಾಯಿತು. “ದೂರಾನಾ ಮಾವ?” “ಇಲ್ಲೇ ಕಣಮ್ಮ.” ಅಷ್ಟೇ. ಅವರು ಎಲ್ಲಿಗೆ ಹೋಗುತ್ತಾರೆಂದು ಗೊತ್ತಿರುತ್ತಿದ್ದದ್ದು ನಿಮಗೊಬ್ಬರಿಗೇ, ಏಕೆಂದರೆ ನೀವು ಅವರ ಹಿಂದೆಯೇ ಹೋಗುತ್ತಿದ್ದಿರಿ.

ನೀವು ಕೊನೆಯ ಸಲ ಹತ್ತಿದ ಆ ದಿನ ಬೆಟ್ಟ ಹಸಿರಾಗಿತ್ತು. ವರ್ಷದಲ್ಲಿ ಎರಡು ತಿಂಗಳು ಅದು ಹಾಗೆ ಇಂಗ್ಲೆಂಡಿನಂತೆ ನಟಿಸುತ್ತದೆ, ಅಲ್ಲವೇ? ಮಾವ ಎಂದಿನಂತೆ ಮೇಲೆ ತಲುಪಿ, ಕಿತ್ತಳೆ ಸುಲಿದು, ನಿಮ್ಮ ಪಾಲನ್ನು ಕರವಸ್ತ್ರದ ಮೇಲಿಟ್ಟು ಕೂತಿದ್ದರು. ನೀವು ಕೆಳಗಿನ ತಿರುವಿನಲ್ಲಿ, ಓಕ್ ಮರದ ಬುಡದಲ್ಲಿ ಕುಸಿದಿದ್ದಿರಿ. ಯಾರೋ ನಾಯಿ ಹಿಡಿದುಕೊಂಡು ಬಂದ ದಂಪತಿ ನಿಮ್ಮನ್ನು ಕಂಡು ಫೋನ್ ಮಾಡಿದರು. ಆಂಬುಲೆನ್ಸಿನವರು ಬಂದು, ಎದೆ ಒತ್ತಿ, ನಿಮ್ಮನ್ನು ಇಳಿಸಿಕೊಂಡು ಹೋದರು. ಇಷ್ಟೆಲ್ಲ ಒಂದು ತಿರುವಿನ ಕೆಳಗೆ ನಡೆಯುತ್ತಿದ್ದರೂ ಮಾವನಿಗೆ ಗೊತ್ತಿಲ್ಲ. ಪಾರ್ಕಿನ ರೇಂಜರ್ ಹೋಗಿ ಅವರನ್ನು ಕರೆದಾಗ, ಆ ಹುಡುಗಿಗೆ ಕನ್ನಡದಲ್ಲೇ “ಬತ್ತಾ ಅವ್ಳೆ, ಸ್ವಲ್ಪ ನಿಧಾನ” ಎಂದು ಹೇಳಿದರಂತೆ. ಆಸ್ಪತ್ರೆಯಲ್ಲಿ ನಿಮ್ಮ ಮುಖ ನೋಡಿದ ಮೇಲೂ ಕೈಯಲ್ಲಿ ಆ ಕರವಸ್ತ್ರ ಹಾಗೇ ಇತ್ತು. ನನಗೆ ಆ ಹೊತ್ತಿನಲ್ಲಿ ನಿಮ್ಮ ಮೇಲೆಯೇ ಸಿಟ್ಟು ಬಂದಿತ್ತು ಅತ್ತೆ. ಒಂದು ಸಲ, ಒಂದೇ ಒಂದು ಸಲ ‘ನಿಲ್ಲಿ’ ಎಂದು ಕೂಗಬಾರದಿತ್ತೇ?

ಕರ್ಮಗಳೆಲ್ಲ ಮುಗಿದು ಸುಧಾ ಇಂಗ್ಲೆಂಡಿಗೆ ಹಿಂತಿರುಗಿದ ಮರುದಿನವೇ ಮಾವ ಶೂ ತೆಗೆದುಕೊಂಡರು. ನಿಮ್ಮ ಮಗ ಪ್ರಕಾಶ, “ಹೋಗ್ಲಿ ಬಿಡು ಶೈಲಾ, ಅಪ್ಪಂಗೆ ಉಳಿದಿರೋದು ಅದೊಂದೇ” ಎಂದ. ನಾನೂ ಸರಿ ಎಂದುಕೊಂಡೆ. ಆದರೆ ಅವರು ಎರಡು ಕಿತ್ತಳೆ ತೆಗೆದುಕೊಂಡು ಹೋಗುತ್ತಿದ್ದರು, ಒಂದನ್ನೂ ವಾಪಸು ತರುತ್ತಿರಲಿಲ್ಲ. ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆಂದು ಫೋನನ್ನು ಆಫ್ ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುವುದು. ಬರುವುದು ದಿನದಿಂದ ದಿನಕ್ಕೆ ತಡವಾಯಿತು. ಬೇಸಿಗೆ ಏರಿ ಹುಲ್ಲು ಒಣಗುತ್ತಾ ಬಂದ ಹಾಗೆ ಅವರ ಮಾತಿನಲ್ಲೂ ಏನೋ ಸೇರಿಕೊಳ್ಳತೊಡಗಿತು. ಒಂದು ದಿನ ಊಟಕ್ಕೆ ಕೂತವರು, “ಆ ತಿರುವ್ನಾಗೆ ಯಾರೋ ಕೂತಂಗಿತ್ತು” ಎಂದರು. ಇನ್ನೊಂದು ದಿನ, “ಹಿಂದ್ಗಡೆ ಹೆಜ್ಜೆ ಸದ್ದಾಯ್ತಾ ಇತ್ತು. ತಿರುಗಿ ನೋಡುದ್ರೆ ನಿಂತೋಯ್ತು.” ಜನ್ಮದಲ್ಲಿ ತಿರುಗಿ ನೋಡದವರು ಈಗ ಯಾರಿಗಾಗಿ ತಿರುಗಿ ನೋಡುತ್ತಿದ್ದಾರೆ?

ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಮರೆವಿನ ಕಾಯಿಲೆಯಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಮಾವ ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರ ಹೇಳಿ, ಗಡಿಯಾರದ ಚಿತ್ರ ಬರೆದು, ಡಾಕ್ಟರಿಗೇ ಅವರ ಕ್ಲಿನಿಕ್ಕಿನ ವೈರಿಂಗು ಸರಿಯಿಲ್ಲವೆಂದು ಹೇಳಿ ಬಂದರು. ಆಯುಷ್ಯವೆಲ್ಲ ವಿದ್ಯುತ್ ಇಲಾಖೆಯಲ್ಲಿ ಕಳೆದವರು, ಸುಮ್ಮನಿರುತ್ತಾರೆಯೇ? ದಾರಿಯಲ್ಲಿ ಕಾರಿನಿಂದ ಬೆಟ್ಟದ ಮೇಲಿನ ತಂತಿಗಳನ್ನು ತೋರಿಸಿ, “ಒಣಗಿದ್ ಹುಲ್ಲಿನ್ ಮೇಲೆ ಲೈನು. ಒಂದಿನ ಐತೆ ನೋಡು” ಎಂದರು. ಹೆದರಿಕೆಯಿಂದ ಹೇಳಲಿಲ್ಲ. ಬರಬೇಕಾದ ನೆಂಟರ ವಿಷಯ ಹೇಳುವ ಹಾಗೆ ಹೇಳಿದರು.

ಹೋದ ತಿಂಗಳು ಆ ದಿನ ಬಂದೇಬಂದಿತು. ಬೆಂಕಿ ಹೇಗೆ ಹತ್ತಿತೋ ಇನ್ನೂ ಗೊತ್ತಿಲ್ಲ. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮೀಟಿಂಗಿನ ನಡುವೆ ಮ್ಯೂಟ್ ಮಾಡಿ “ದೂರಾನಾ ಮಾವ?” ಎಂದೆ, ಅವರು “ಇಲ್ಲೇ” ಎಂದರು, ಬಾಗಿಲು ಮುಚ್ಚಿತು. ಮಧ್ಯಾಹ್ನ ಅದಿತಿ ಸ್ಕೂಲಿನಿಂದ ಬಂದವಳು ಹಿತ್ತಲಿಂದ ಕೂಗಿದಳು. ಬೆಟ್ಟದ ಹೆಗಲಿನ ಮೇಲೆ ಕಂದು ಹೊಗೆ, ನೋಡುತ್ತಿದ್ದಂತೆ ಕಪ್ಪಾಗುತ್ತಿತ್ತು. ಮಾವನ ಫೋನು ಆಫ್. ಪ್ರಕಾಶ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ಹೊರಟು ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದ. ನಾನು, ಅದಿತಿ ಪಾರ್ಕಿನ ಗೇಟಿಗೆ ಹೋದಾಗ ಕಾರುಗಳೆಲ್ಲ ಇಳಿದು ಬರುತ್ತಿದ್ದವು. ಬೂದಿ ಉದುರುತ್ತಿತ್ತು. ರೇಂಜರಿಗೆ ನಮ್ಮ ಮಾವ ಮೇಲಿದ್ದಾರೆ ಎಂದೆ. ಎಡಗಡೆಯ ದಾರಿ ಹಳ್ಳದ ಪಕ್ಕ ಹೋಗುತ್ತದೆ, ಬಲಗಡೆಯದು ವ್ಯೂ ಪಾಯಿಂಟಿಗೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಯಾವ ದಾರಿ ಹಿಡಿದಿದ್ದಾರೆ? ಇತ್ತೀಚೆಗೆ ಅವರು ದಿನಕ್ಕೊಂದು ದಾರಿ ಹಿಡಿಯುತ್ತಿದ್ದರು. ನನ್ನ ಬಳಿ ಇದ್ದ ಉತ್ತರ ‘ಇಲ್ಲೇ’. ಅದನ್ನು ಇಂಗ್ಲಿಷಿನಲ್ಲಿ ಆ ಹುಡುಗಿಗೆ ಏನೆಂದು ಹೇಳಲಿ? “ಯು ಗೈಸ್ ನೆವರ್ ಆಸ್ಕ್, ಅಮ್ಮ” ಎಂದಳು ಅದಿತಿ. “ನೋಬಡಿ ಎವರ್ ಆಸ್ಕ್ಸ್ ಹಿಮ್.”

ರೇಂಜರ್ ತನ್ನ ಟ್ರಕ್ಕನ್ನು ಎಡಗಡೆಗೆ ತಿರುಗಿಸಿದಳು. ನಾನು ಅದಿತಿಯನ್ನು ಗೇಟಿನಲ್ಲೇ ನಿಲ್ಲಿಸಿ ಬಲಗಡೆಗೆ ಓಡಿದೆ. ಹಿಂದಿನಿಂದ ಯಾರೋ ಬೈಯುತ್ತಾ ಕರೆಯುತ್ತಿದ್ದರು. ನಿಲ್ಲಲಿಲ್ಲ. ಮೇಯಲು ಬಿಟ್ಟಿದ್ದ ದನಗಳು ನನಗೆ ಎದುರಾಗಿ ಓಡಿಬಂದವು, ಅವುಗಳ ಕಣ್ಣಿನ ಬಿಳಿ ಕಾಣಿಸುತ್ತಿತ್ತು. ಮೇಲೆ ಹೆಲಿಕಾಪ್ಟರು, ಅದರ ಸದ್ದಿಗೆ ನನ್ನ ಉಸಿರೂ ಕೇಳುತ್ತಿರಲಿಲ್ಲ. ನಿಮ್ಮ ತಿರುವು ಬಂತು. ಓಕ್ ಮರದ ಬುಡದಲ್ಲಿ ಕಿತ್ತಳೆ ಸಿಪ್ಪೆ ಬಿದ್ದಿತ್ತು, ಹೊಸದು, ಹಳೆಯದು, ಒಣಗಿ ಕರಿಕಾದದ್ದು, ಎಲ್ಲ ಒಂದು ಗುಡ್ಡೆ. ಅದನ್ನು ನೋಡಿ ನನಗೆ ಹೊಗೆಗಿಂತ ಹೆಚ್ಚು ಭಯವಾಯಿತು. ಮೇಲೆ ಮಾವ ಇದ್ದರು. ಕಮರಿಯ ಆಚೆಯ ಇಳಿಜಾರಿನಲ್ಲಿ ಬೆಂಕಿ ಒಂದು ಗೆರೆಯಾಗಿ ಹುಲ್ಲು ತಿನ್ನುತ್ತಾ ಬರುತ್ತಿತ್ತು. ಅವರು ಬೇಲಿ ದಾಟಿ ಅಂಚಿನಲ್ಲಿ, ಬೆಂಕಿಗೆ ಮುಖ ಮಾಡಿ ನಿಂತಿದ್ದರು. ನಾನು ತೋಳು ಹಿಡಿದು ಎಳೆದೆ. ಮಗುವಿನ ಹಾಗೆ ಬಂದರು. ದಾರಿಯಲ್ಲಿ ಸಿಕ್ಕ ಗೇಟನ್ನು ಅವರು ಮುಚ್ಚಲು ನಿಂತಾಗ ನಾನು ಅವರನ್ನು ಮೊದಲ ಸಲ ಗದರಿದೆ.

ಸಂಜೆಯೊಳಗೆ ಬೆಂಕಿ ಆರಿತು. ಸುದ್ದಿಯಲ್ಲಿ ಹೆಸರು ಬರುವಷ್ಟು ದೊಡ್ಡದೂ ಆಗಲಿಲ್ಲ. ಪ್ರಕಾಶ ಬಂದು “ಏನ್ ಮಾಡ್ತಾ ಇದ್ರಿ ಅಪ್ಪಾ ಅಲ್ಲಿ?” ಎಂದು ಕೇಳಿದಾಗ, “ಸುಮ್ನೆ ನೋಡ್ತಾ ಇದ್ದೆ” ಎಂದರು.

ಮರುದಿನದಿಂದ ನಿಮ್ಮ ಶಾಸ್ತ್ರ ಮುರಿದೆ. ಬೈಯುವುದಿದ್ದರೆ ಬೈಯಿರಿ. ಮಾವ ಹೊಸಿಲ ಮೇಲೆ ಕಾಲಿಡುವುದೇ ತಡ, “ಎಲ್ಲಿಗೆ ಮಾವ?” ಎಂದು ಬೀದಿಗೆ ಕೇಳುವ ಹಾಗೆ ಹಿಂದಿನಿಂದ ಕೂಗುತ್ತೇನೆ. ಅವರು ನಿಂತು, ಅಯ್ಯೋ ಎನ್ನುವ ಮುಖ ಮಾಡಿ, ಒಳಗೆ ಬಂದು ಕೂರುತ್ತಾರೆ. ನಾನು ನೀರು ಕೊಡುತ್ತೇನೆ. ಅವರು ಕುಡಿಯುವಷ್ಟರಲ್ಲಿ ನನ್ನ ಶೂ ಕಟ್ಟಿ ಆಗಿರುತ್ತದೆ. ಆಮೇಲೆ ಇಬ್ಬರೂ ಹೋಗುತ್ತೇವೆ, ಅವರು ಮುಂದೆ, ನಾನು ಹಿಂದೆ. ನನ್ನ ಮ್ಯಾನೇಜರಿಗೆ ಇದನ್ನು ವಿವರಿಸಿ ಹೇಳುವುದು ನಿಮ್ಮ ಶಾಸ್ತ್ರಕ್ಕಿಂತ ಕಷ್ಟ. ನಾನು ಆಫೀಸಿಗೆ ಹೋಗಲೇಬೇಕಾದ ದಿನ ಅದಿತಿ ಕೂಗುತ್ತಾಳೆ. ಅವಳಿಗೆ ‘ಎಲ್ಲಿಗೆ’ ಎನ್ನುವುದು ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತೇ? ಆದರೆ ಮಾವ ನಡೆಯುವಾಗ ತಿರುಗಿ ನೋಡುತ್ತಾರಲ್ಲ, ನನ್ನನ್ನಲ್ಲ ಅವರು ನೋಡುವುದು. ನನ್ನ ಹೆಗಲಾಚೆ ಎಲ್ಲಿಗೋ ನೋಡುತ್ತಾರೆ. ಆಗ ನನಗೂ ತಿರುಗಿ ನೋಡಬೇಕು ಎನಿಸುತ್ತದೆ. ನೋಡುವುದಿಲ್ಲ.

ಇವತ್ತು ಬೆಳಿಗ್ಗೆಯಿಂದ ಅವರು ಮೂರು ಸಲ ಹೊರಟಿದ್ದಾರೆ. ಪಾರ್ಕು ಮುಚ್ಚಿದೆ ಮಾವ, ಗಾಳಿಯಿದೆ ಎಂದರೆ, ದನಗಳು ಮಾಡಿಕೊಂಡ ಕಿಂಡಿ ಬೇಲಿಯಲ್ಲಿದೆ, ಅಲ್ಲಿಂದ ಹೋಗಬಹುದು ಎನ್ನುತ್ತಾರೆ. ಕರೆಂಟಿಲ್ಲದೆ ಗರಾಜಿನ ಬಾಗಿಲು ಏಳುತ್ತಿಲ್ಲ, ಕಾರು ಒಳಗೇ ಉಳಿದಿದೆ. ಅವರು ನಡೆದು ಹೊರಟುಬಿಟ್ಟರೆ ಹಿಂದೆ ಓಡುವುದೊಂದೇ ನನಗಿರುವ ದಾರಿ. ಮೂರು ಸಲವೂ ಕೂಗಿದೆ, ಮೂರು ಸಲವೂ ನೀರು ಕೊಟ್ಟೆ. ಮೂರನೆಯ ಲೋಟ ಹಿಡಿದು ನಕ್ಕರು. “ಎಷ್ಟ್ ನೀರ್ ಕುಡಿಸ್ತೀಯಮ್ಮ ನಂಗೆ?” ಎಂದರು. ನಾನೂ ನಕ್ಕೆ. ಆಮೇಲೆ ಲೋಟ ಕೆಳಗಿಟ್ಟು, ನಿಧಾನವಾಗಿ, ನನಗೆ ಸಮಾಧಾನ ಹೇಳುವವರ ಹಾಗೆ ಅಂದರು: “ಇವತ್ತು ಗಾಳಿ ಆ ಕಡೆಯಿಂದ ಬತ್ತಾ ಐತೆ ಶೈಲಾ. ಅವ್ಳು ಮಾತಾಡುದ್ರೆ ಕೇಳ್ತದೆ.”

ಯಾರಿಗೂ ಹೇಳದ ಒಂದು ವಿಷಯ ನಿಮಗೆ ಹೇಳಬೇಕು. ಪ್ರಕಾಶನಿಗೂ ಹೇಳಿಲ್ಲ. ಬೆಂಕಿಯ ದಿನ ನಾನು ಆ ಕೊನೆಯ ಏರು ಹತ್ತುವಾಗ ಹೆಲಿಕಾಪ್ಟರ್ ಸ್ವಲ್ಪ ದೂರ ಹೋಗಿತ್ತು. ಆಗ ನನಗೆ ಅವರ ದನಿ ಕೇಳಿಸಿತು. ಮಾವ ಸುಮ್ಮನೆ ನೋಡುತ್ತಾ ನಿಂತಿರಲಿಲ್ಲ ಅತ್ತೆ. ಎರಡೂ ಕೈ ಬಾಯಿಗೆ ಹಿಡಿದು, ಕಮರಿಯ ಆಚೆಯ ಹೊಗೆಗೆ, “ಸರೋಜಾ... ಸರೋಜಾ...” ಎಂದು ಕೂಗುತ್ತಿದ್ದರು. ಮದುವೆಯಾದಾಗಿನಿಂದ ‘ಲೇ’, ‘ಇವಳೇ’ ಎಂದು ಕರೆದವರು, ನೀವು ಹೋದ ದಿನವೂ ಕಲ್ಲಿನ ಮೇಲೆ ಬಾಯಿಮುಚ್ಚಿ ಕಾದು ಕೂತವರು. ನಿಮ್ಮ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನೀವೂ ಕೇಳಿರಲಿಲ್ಲ ಅಲ್ಲವೇ? ಕೂಗುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಕೂಗುವುದು. ನಾನು ತೋಳು ಹಿಡಿದಾಗ, “ಇರು, ಇನ್ನೊಂದ್ಸಲ” ಎಂದರು.

ಈಗ ಅವರು ಕುರ್ಚಿಯಿಂದ ಎದ್ದರು. ನಾನು ಪೆನ್ನು ಕೆಳಗಿಡಬೇಕು. ನಿಮ್ಮ ಬಳಿ ಇಷ್ಟು ವರ್ಷ ನಾನು ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ, ಇದೊಂದನ್ನು ನಡೆಸಿಕೊಡಿ. ಅವರು ಎಷ್ಟು ಕರೆದರೂ, ಯಾವ ದನಿಯಲ್ಲಿ ಕರೆದರೂ, ನಿಮಗೆ ಎಷ್ಟೇ ಆಸೆಯಾದರೂ, ನಿಮ್ಮ ದಮ್ಮಯ್ಯ ಅತ್ತೆ, ಓಗೊಡಬೇಡಿ.

ನಿಮ್ಮ ಸೊಸೆ,
ಶೈಲಾ